ಒಂದು ಲ್ಯಾಪ್‌ಟಾಪಿನ ಚಕ್ಕುಬಂದಿ

ಅಮ್ಮ ಹೋದ ಮೇಲೆ ಅಪ್ಪ ತಿ. ನರಸೀಪುರದ ಬಾಡಿಗೆ ಮನೆ ಖಾಲಿ ಮಾಡಿ ನಂಜನಗೂಡಿಗೆ, ನಮ್ಮ ಮನೆಗೆ ಬಂದ. ಬಂದ ಅಂದರೆ ತಾನಾಗಿ ಬರಲಿಲ್ಲ. ನಾನೇ ಹೋಗಿ ಜಗಳ ಮಾಡಿ, ಪಾತ್ರೆ ಪಡಗ ಗೋಣಿಚೀಲಕ್ಕೆ ತುಂಬಿ, ಬಸ್ಸಿನ ಮೇಲೆ ಹಾಕಿಸಿ ಕರೆತಂದೆ. ಮಗಳ ಮನೆಯಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಉಳಿಯುವ ಗಂಡಸನ್ನು ನಮ್ಮ ಕಡೆ ಒಂಥರಾ ನೋಡುತ್ತಾರೆ. ಅಪ್ಪನಿಗೆ ಆ ನೋಟದ ಅಂಜಿಕೆ. ಬಂದ ದಿನವೇ, "ಒಂದೆರಡು ವಾರ ಇದ್ದು ಹೋಗ್ತೀನಿ ಕಣವ್ವ" ಅಂದ. ಎಲ್ಲಿಗೆ ಹೋಗ್ತೀಯ ಅಂದರೆ ಬನ್ನೂರು ಅಂದ. ಅಲ್ಲಿ ಅವನ ಅಣ್ಣನ ಮಗನೊಬ್ಬ ಇದ್ದ, ಅಷ್ಟೆ.

ಎರಡು ವಾರ ಕಳೆಯಿತು, ಎರಡು ತಿಂಗಳೂ ಕಳೆಯಿತು. ಅಪ್ಪ ಮಾತ್ರ ನೆಂಟನಾಗಿಯೇ ಉಳಿದ. ಉಂಡ ತಟ್ಟೆ ತಾನೇ ತೊಳೆದಿಡುತ್ತಿದ್ದ. ಫ್ಯಾನು ಹಾಕಬೇಕಾದರೆ ನನ್ನ ಕೇಳುತ್ತಿದ್ದ. ನನ್ನ ಗಂಡನಿಗೆ, ಅಂದರೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಶಿಫ್ಟು ಮಾಡುವ ಒಬ್ಬ ಸಾಧು ಪ್ರಾಣಿಗೆ, "ತಾವು ಊಟ ಮಾಡಿ, ಆಮೇಲೆ ನಾನು ಕೂರ್ತೀನಿ" ಅನ್ನುತ್ತಿದ್ದ. ಇದನ್ನೆಲ್ಲ ನೋಡಲು ನನ್ನಿಂದಾಗುತ್ತಿರಲಿಲ್ಲ. ಯಾಕೆಂದರೆ ಈ ಮನುಷ್ಯ ನನ್ನನ್ನು ಬೈಗುಳದಲ್ಲೇ ಬೆಳೆಸಿದವನು. ಸರ್ವೆ ಇಲಾಖೆಯಲ್ಲಿ ಭೂಮಾಪಕ. ಬೆಳಗಿನಿಂದ ಬಿಸಿಲಲ್ಲಿ ಸರಪಳಿ ಎಳೆದು ಬಂದು, ಬಾಗಿಲಲ್ಲಿ ಚಪ್ಪಲಿ ಬಿಚ್ಚುವ ಮೊದಲೇ ಯಾರನ್ನಾದರೂ ಬೈದಿರುತ್ತಿದ್ದ. ಅಮ್ಮ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಬೈದು ಮುಗಿಸಿದವನೇ ಚೀಲದಿಂದ ಹೊಲದ ಅವರೆಕಾಯಿಯೋ ಕಬ್ಬಿನ ಜಲ್ಲೆಯೋ ತೆಗೆದು ಮುಂದಿಡುತ್ತಿದ್ದ. ಆ ಅಪ್ಪ ಎಲ್ಲೋ ನರಸೀಪುರದಲ್ಲೇ ಉಳಿದು, ಅವನ ಬಟ್ಟೆ ಹಾಕಿಕೊಂಡ ಯಾರೋ ಸಭ್ಯಸ್ಥರು ನಮ್ಮ ಮನೆಗೆ ಬಂದಂತಿತ್ತು. ಅವನು ನಮ್ಮಲ್ಲೇ ಉಳಿಯಬೇಕು, ಉಳಿದರೆ ಅಪ್ಪನಾಗಿಯೇ ಉಳಿಯಬೇಕು. ನನಗೆ ಬೇಕಾಗಿದ್ದುದು ಅಷ್ಟೆ.

ಆ ವರ್ಷವೇ ನಾನೊಂದು ಹಳೆಯ ಲ್ಯಾಪ್‌ಟಾಪು ಕೊಂಡಿದ್ದು. ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನ್ನನ್ನೇ, ಬೇರೆ ಯಾರೂ ಸಿಕ್ಕದೆ, ಕಂಪ್ಯೂಟರಿಗೂ ಮೇಡಂ ಮಾಡಿದ್ದರು. ಲ್ಯಾಪ್‌ಟಾಪು ಕಪ್ಪು ಬಣ್ಣದ್ದು, ಎತ್ತಿದರೆ ರುಬ್ಬುವ ಗುಂಡಿನಷ್ಟು ಭಾರ. ಮೆಮೊರಿ ಇನ್ನೂರ ಐವತ್ತಾರು ಎಂಬಿ, ಡಿಸ್ಕು ಇಪ್ಪತ್ತು ಜಿಬಿ. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ, ವೈರು ಕಿತ್ತರೆ ಆ ಕ್ಷಣವೇ ಪ್ರಾಣ ಬಿಡುತ್ತಿತ್ತು. ಕರೆಂಟು ಇದ್ದಾಗಷ್ಟೇ ಬದುಕುವ ಈ ಜೀವಿಯನ್ನು ಲ್ಯಾಪ್ ಮೇಲೆ ಇಟ್ಟುಕೊಳ್ಳುವ ಧೈರ್ಯ ನನಗಂತೂ ಇರಲಿಲ್ಲ. ಹಳೆಯ ಹೊಲಿಗೆ ಮಷಿನ್ನಿನ ಮೇಜಿನ ಮೇಲೆ ಅದರ ಸ್ಥಾಪನೆಯಾಯಿತು.

ಅದರಲ್ಲಿ ವಿಂಡೋಸ್ ಇತ್ತು, ಜೊತೆಗೆ ಕನ್ನಡ ಟೈಪು ಮಾಡುವ ಹಳೆಯದೊಂದು ತಂತ್ರಾಂಶವೂ ಇತ್ತು. ಒಂದು ಭಾನುವಾರ ಅಪ್ಪನನ್ನು ಕೂರಿಸಿ, "ಏನಾದರೂ ಬರಿ" ಅಂದೆ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ 'ಹೆಮ್ಮಿಗೆ' ಎಂದು ಕುಟ್ಟಿದ. ಅದು ಅವನು ಹುಟ್ಟಿದ ಊರು. ಅದರ ಕೆಳಗೆ 'ಬಸವಿ ಕಟ್ಟೆ ಗದ್ದೆ' ಎಂದು ಬರೆದ. ಆಮೇಲೆ 'ನರಿ ಮಂಟಿ ಹೊಲ'. ಆಮೇಲೆ 'ಮೂಗನ ತೆವರು'. ನನ್ನ ಕಡೆ ತಿರುಗಿ, "ಪಹಣೀಲಿ ಬರೀ ಸರ್ವೆ ನಂಬರು ಇರ್ತದೆ ಕಣವ್ವ. ಹೊಲಕ್ಕೆ ಜನ ಕೂಗೋ ಹೆಸರು ಎಲ್ಲೂ ಬರ್ದಿಲ್ಲ" ಅಂದ. ತಾತ ಕೂಲಿ ಮಾಡಿದ ಗದ್ದೆಗಳನ್ನೇ ಅಪ್ಪ ಸರ್ಕಾರದ ಸರಪಳಿ ಹಿಡಿದು ಅಳೆದವನು. ಊರಾಚೆಯ ನಮ್ಮ ಬೀದಿಯಲ್ಲಿ ಹುಟ್ಟಿ, ಒಂದು ಗುಂಟೆಯನ್ನೂ ಸ್ವಂತಕ್ಕೆ ಕಾಣದೆ, ತಾಲ್ಲೂಕಿನ ಅಷ್ಟೂ ಹೊಲಗಳ ಹೆಸರನ್ನು ತಲೆಯಲ್ಲಿ ಇಟ್ಟುಕೊಂಡಿದ್ದ. ಆವತ್ತಿನಿಂದ ದಿನಾ ಬೆಳಿಗ್ಗೆ ಕಾಫಿ ಕುಡಿದು ಮೇಜಿನ ಮುಂದೆ ಕೂತುಬಿಡುವುದು ಅಭ್ಯಾಸವಾಯಿತು. ಕೂರುವ ಮೊದಲು, "ಹಾಕ್ಲಾ?" ಎಂದು ಕೇಳುವುದು ಮಾತ್ರ ತಪ್ಪಲಿಲ್ಲ.

ಅಷ್ಟರಲ್ಲಿ ಶಾಲೆಗೆ ಹೊಸ ಕಂಪ್ಯೂಟರುಗಳು ಬಂದವು. ಅವುಗಳಲ್ಲಿ ವಿಂಡೋಸ್ ಬದಲು ಇದ್ದುದು ಲಿನಕ್ಸ್ ಎಂಬ ಬೇರೆಯದೇ ವ್ಯವಸ್ಥೆ. ನಾನು ಕಲಿಯದೆ ಮಕ್ಕಳಿಗೆ ಕಲಿಸುವುದು ಹೇಗೆ? ಊಟ ಮಾಡುವಾಗ ಯೋಚನೆಯಿಲ್ಲದೆ ಗಂಡನ ಹತ್ತಿರ ಅಂದೆ: "ನಮ್ಮ ಲ್ಯಾಪ್‌ಟಾಪಲ್ಲಿ ಇರೋದನ್ನ ಅಳಿಸಿ ಲಿನಕ್ಸ್ ಹಾಕಬೇಕು." ಅಪ್ಪ ತಲೆ ಎತ್ತಲಿಲ್ಲ. "ಹಾಕ್ಕೊಳವ್ವ, ನಿನ್ನ ಮಷಿನ್ನು" ಅಂದ. ಮಾರನೆ ದಿನ ನೋಡಿದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಜಾರದಲ್ಲಿ ಕೂತಿದ್ದಾನೆ. ಬನ್ನೂರಿಗೆ ಹೋಗಿ ಅಣ್ಣನ ಮಗನ ಜೊತೆ ಸ್ವಲ್ಪ ದಿನ ಇರುತ್ತಾನಂತೆ.

ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ. "ಅಳಿಸಲ್ಲಪ್ಪ, ಎರಡೂ ಇರ್ತವೆ. ಒಂದೇ ಡಿಸ್ಕು, ಅದನ್ನ ಭಾಗ ಮಾಡೋಣ. ನಿನಗೊಂದು ಪಾಲು, ನನಗೊಂದು ಪಾಲು" ಅಂದೆ. ಆಗುತ್ತದೋ ಇಲ್ಲವೋ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಯಾವುದೋ ಪತ್ರಿಕೆಯ ಜೊತೆ ಬಂದ ಲಿನಕ್ಸ್ ಸೀಡಿಯ ಮೇಲೆ ಭಾರ ಹಾಕಿದ್ದೆ.

ಭಾಗ ಎಂಬ ಮಾತು ಕೇಳಿದ್ದೇ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಭಾಗ ಅಂದ್ರೆ ಹಂಗೆಲ್ಲ ಸುಮ್ಕೆ ಆಗಲ್ಲ. ನಕ್ಷೆ ಬೇಕು" ಅಂದ. ಇಸ್ತ್ರಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ನಾನು ಅರ್ಧ ಗೆದ್ದಿದ್ದೆ.

ಮೊದಲು ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಫೈಲುಗಳನ್ನೆಲ್ಲ ಒಂದು ಮಗ್ಗುಲಿಗೆ ಒತ್ತರಿಸಬೇಕಿತ್ತು. ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು ಒಂದೊಂದಾಗಿ ಸರಿಯುವುದನ್ನು ಅಪ್ಪ ಮಧ್ಯಾಹ್ನದ ನಿದ್ದೆ ಬಿಟ್ಟು ನೋಡಿದ. ಎರಡು ಸಲ ಕರೆಂಟು ಹೋಗಿ ಎರಡು ಸಲ ಮೊದಲಿಂದ ಶುರುವಾಯಿತು. ಅವನಿಗೆ ಬೇಜಾರಿಲ್ಲ. "ರಾಸಿ ಮಾಡ್ದಂಗೆ ಅದೆ" ಅಂದ.

ಸೀಡಿ ಹಾಕಿ ಡಿಸ್ಕಿನ ಪಟ್ಟಿ ತೋರಿಸಿದೆ. ಅಪ್ಪ ನನ್ನ ಶಾಲೆಯ ಗ್ರಾಫ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು, ಪೆನ್ಸಿಲು ಕೆತ್ತಿಕೊಂಡು, "ಚಕ್ಕುಬಂದಿ ಹೇಳು" ಅಂದ. ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯದೆ ಯಾವ ಪತ್ರವೂ ಪತ್ರವಲ್ಲ ಎಂದು ನಂಬಿದವನು ಅವನು.

"ಇದಕ್ಕೆ ಉತ್ತರ ದಕ್ಷಿಣ ಇಲ್ಲಪ್ಪ. ಉದ್ದಕ್ಕೆ ಒಂದೇ ಪಟ್ಟಿ. ಶುರು ಒಂದು, ಕೊನೆ ಒಂದು" ಅಂದೆ.

"ಹಂಗಾದ್ರೆ ಕಾಲುವೆ ಇದ್ದಂಗೆ ಅನ್ನು" ಎಂದು ಉದ್ದಕ್ಕೆ ಗೆರೆ ಎಳೆದ. ಹಿರಿಯರು ಗೆರೆ ಎಳೆಯಬೇಕು, ಕಿರಿಯರು ಮೊದಲು ಆರಿಸಿಕೊಳ್ಳಬೇಕು. ನಮ್ಮ ಕಡೆ ಭಾಗ ಮಾಡುವುದು ಹಾಗೆಯೇ. ಗೆರೆ ಎಳೆದವನಿಗೆ ಮೋಸ ಮಾಡುವ ಮನಸ್ಸು ಬಾರದಿರಲಿ ಅಂತ. ನಾನು ಕೊನೆಯ ಪಾಲು ನನಗೆ ಅಂದೆ, ವಿಂಡೋಸ್ ಮುಂದೆ ಇರುವುದೇ ಕ್ಷೇಮ ಎಂದು ಎಲ್ಲೋ ಓದಿದ್ದೆ. ಅಪ್ಪ ನಕ್ಕ. "ಕಾಲುವೆ ಕೊನೆ ಗದ್ದೆ ತಗಂಡೆಯಲ್ಲ, ನಿಂಗೆ ನೀರು ಬರಾಕಿಲ್ಲ!" ನಮ್ಮ ಮನೆಗೆ ಬಂದ ಮೇಲೆ ಅವನು ಬಾಯಿ ಬಿಟ್ಟು ನಕ್ಕಿದ್ದು ಅದೇ ಮೊದಲು.

ತನ್ನ ಪಾಲಿನಲ್ಲೂ ಅಪ್ಪ ಒಂದು ತುಂಡನ್ನು ಬೇರೆ ಮಾಡಿಸಿದ. ವಿಂಡೋಸ್ ಇರುವುದು ವಾಸದ ಮನೆ, ಬರೆದದ್ದು ಹೊಲ. ಮನೆಗೆ ಬೆಂಕಿ ಬಿದ್ದರೂ ಹೊಲ ಉಳಿಯಬೇಕು ಎಂಬುದು ಅವನ ವಾದ. ಹೀಗೆ ಅಪ್ಪನ ಮನೆ, ಅಪ್ಪನ ಹೊಲ, ನನ್ನ ಲಿನಕ್ಸ್, ಮತ್ತು ಮೆಮೊರಿ ಸಾಲದಾದಾಗ ಲಿನಕ್ಸ್ ಕೈಚಾಚಲೆಂದು ಬಿಟ್ಟ ಚೂರು ಜಾಗ, ಒಟ್ಟು ನಾಲ್ಕು ತುಂಡಾದವು. ಪ್ರತಿಯೊಂದು ತುಂಡು ಯಾವ ಅಂಕಿಯಲ್ಲಿ ಶುರುವಾಗಿ ಯಾವ ಅಂಕಿಗೆ ಮುಗಿಯುತ್ತದೆ ಎಂಬುದನ್ನು ನನ್ನಿಂದ ಎರಡು ಸಲ ಓದಿಸಿ ಹಾಳೆಯ ಮೇಲೆ ಬರೆದುಕೊಂಡ. "ಕಂಪ್ಯೂಟರಿಗೇ ಗೊತ್ತಿರುತ್ತಪ್ಪ, ನೀನ್ಯಾಕೆ ಬರ್ಕೋತೀಯ?" ಎಂದು ನಾನು ಗೇಲಿ ಮಾಡಿದೆ. ಅವನು ಕೆಳಗೆ ರುಜು ಹಾಕಿ, ನನ್ನಿಂದ ಹಾಕಿಸಿ, ಶಿಫ್ಟು ಮುಗಿಸಿ ಬಂದ ನನ್ನ ಗಂಡನಿಂದ ಸಾಕ್ಷಿ ರುಜುವನ್ನೂ ಹಾಕಿಸಿಕೊಂಡ. ಹಾಳೆಯನ್ನು ಮಡಿಸಿ ಕನ್ನಡಕದ ಡಬ್ಬಿಯೊಳಗೆ ಇಟ್ಟ. ಮೂರು ಭಾನುವಾರ ಹಿಡಿದರೂ ಕೆಲಸ ಕೈಗೂಡಿತು. ಗುಂಡಿ ಒತ್ತಿದರೆ ಪರದೆಯ ಮೇಲೆ ಎರಡು ಹೆಸರು ಬಂದು, ಯಾವುದು ಬೇಕು ಎಂದು ಹತ್ತು ಸೆಕೆಂಡು ಕಾಯುತ್ತಿತ್ತು.

ಬನ್ನೂರಿನ ಮಾತು ನಿಂತಿತು. ಬೆಳಿಗ್ಗೆ ಅಪ್ಪನ ಸರದಿ, ಶಾಲೆ ಬಿಟ್ಟ ಮೇಲೆ ನನ್ನದು. ಅವನ ಪಾಲಿನ ವಿಂಡೋಸ್ ಏಳುವುದು ನಿಧಾನ. ಗುಂಡಿ ಒತ್ತಿ, ಹಾಲಿನ ಡೈರಿಗೆ ಹೋಗಿ ಬಂದು ಕೂರುತ್ತಿದ್ದ. ಸೋಸಲೆ ಮುಗಿಯಿತು, ಬನ್ನೂರಿನ ಸುತ್ತಿನ ಊರುಗಳು ಮುಗಿದವು. ಮಳೆಗಾಲದ ಹೊತ್ತಿಗೆ ಮೂವತ್ತೊಂದು ಊರಿನ ಹೊಲಗಳ ಹೆಸರು ಅವನ ಆ ಸಣ್ಣ ತುಂಡಿನೊಳಗೆ ಸೇರಿದ್ದವು. ಅದನ್ನು ಬೇರೆ ಕಡೆ ತೆಗೆದಿಡೋಣ ಎಂದು ತಿಂಗಳಿಗೊಮ್ಮೆ ಅಂದುಕೊಳ್ಳುತ್ತಿದ್ದೆ. ನಮ್ಮ ಮಷಿನ್ನಿಗೆ ಸೀಡಿ ಓದಲು ಬರುತ್ತಿತ್ತೇ ಹೊರತು ಬರೆಯಲು ಬರುತ್ತಿರಲಿಲ್ಲ. ನನ್ನ ಸೋಮಾರಿತನಕ್ಕೆ ಅಷ್ಟು ನೆಪ ಸಾಕಾಯಿತು. ಅಪ್ಪ ಖುಷಿಯಾಗಿದ್ದ, ನಿಜ. ಆದರೂ ತಟ್ಟೆ ತೊಳೆಯುವುದು ಬಿಡಲಿಲ್ಲ, "ಹಾಕ್ಲಾ?" ಬಿಡಲಿಲ್ಲ, ಅಳಿಯನಿಗೆ "ತಾವು" ಬಿಡಲಿಲ್ಲ. ನೆಂಟ ಖುಷಿಯಾಗಿದ್ದರೂ ನೆಂಟನೇ ಅಲ್ಲವೇ.

ದಸರಾ ರಜೆಯಲ್ಲಿ ಅಪ್ಪನಿಗೆ ನರಸೀಪುರದಿಂದ ಕರೆ ಬಂತು. ಯಾರದೋ ಗಡಿ ತಕರಾರು, ಹಳೆ ಕಲ್ಲು ಎಲ್ಲಿತ್ತೆಂದು ಇವನೇ ಬಂದು ತೋರಿಸಬೇಕಂತೆ. ಅವನು ಛತ್ರಿ ಹಿಡಿದು ಬಸ್ಸು ಹತ್ತಿದ. ಮನೆ ಖಾಲಿ ಇತ್ತು, ನನ್ನ ಕೈ ಸುಮ್ಮನಿರಲಿಲ್ಲ. ಲಿನಕ್ಸಿನ ಹೊಸ ಸೀಡಿ ಬಂದಿತ್ತು, ಹಳೆಯದರ ಜಾಗದಲ್ಲಿ ಅದನ್ನು ಹಾಕಲು ಕೂತೆ. ಅದು ಜಾಗ ಸಾಲದು ಎಂದಿತು. ಡಿಸ್ಕಿನ ಪಟ್ಟಿ ತೆರೆದು ನೋಡಿದೆ. ತುಂಡುಗಳ ಮುಂದೆ ಬರೀ ಅಂಕಿ. ನನ್ನ ಪಾಲಿಗೆ ಅಂಟಿಕೊಂಡಂತೆ, ನಡುವೆ ಹೆಸರಿಲ್ಲದ ಒಂದು ಸಣ್ಣ ತುಂಡು.

ಸರ್ವೆ ಭಾಷೆಯಲ್ಲಿ ಖರಾಬು ಎಂದಿದೆ: ಉಳುಮೆಗೆ ಬಾರದ, ಯಾರ ಖಾತೆಗೂ ಸೇರದ ಜಾಗ. ಚಿಕ್ಕಂದಿನಿಂದ ಕೇಳಿ ಬೆಳೆದ ಮಾತು. ತನ್ನ ಹೊಲದ ಪಕ್ಕದ ಖರಾಬನ್ನು ವರ್ಷಕ್ಕೆ ಒಂದೊಂದು ಸಾಲು ಒತ್ತಿ ಉಳದ ರೈತನನ್ನು ಅಪ್ಪ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, ಇದೇನಿದು ಎಂದು ಹೆದರಿ ಕೈ ಹಿಂತೆಗೆಯುತ್ತಿದ್ದರೋ ಏನೋ. ನಾನು ಸರ್ವೇರ್ ಮಗಳು. ಹೋದ ಸಲ ಭಾಗ ಮಾಡುವಾಗ ಉಳಿದ ಖರಾಬು ಇದು ಎಂದು ಒಂದೇ ನೋಟಕ್ಕೆ ತೀರ್ಮಾನಿಸಿಬಿಟ್ಟೆ. ಬದು ಒಡೆದು ನನ್ನ ಪಾಲಿಗೆ ಸೇರಿಸಿಕೊಂಡೆ. "ಬರೆಯಲೇ?" ಎಂದು ಕೇಳಿತು. ಹೊಸ ಗಡಿಗಳನ್ನು ತಾನೇ, ಹೂಂ ಅಂದೆ. ಎಲ್ಲವನ್ನೂ ಅಳಿಸಿ ಹದ ಮಾಡಲೇ ಎಂದು ಇನ್ನೊಂದು ಪ್ರಶ್ನೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಮಷಿನ್ನು ಕಣ್ಣು ಮುಚ್ಚಿತು. ಕರೆಂಟಿನವರನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ಆ ಬೈಗುಳವನ್ನೆಲ್ಲ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡಿದ್ದೇನೆ.

ಕರೆಂಟು ಬಂದ ಮೇಲೆ ಗುಂಡಿ ಒತ್ತಿದರೆ ಎರಡು ಹೆಸರೂ ಇಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೀಟು. ಸೀಡಿಯಿಂದ ಎಬ್ಬಿಸಿ ಪಟ್ಟಿ ನೋಡಿದಾಗ ಅರ್ಥವಾಯಿತು. ಅಪ್ಪನ ಮನೆ ಇತ್ತು, ಹೊಲವಿರಲಿಲ್ಲ. ನಾನು ಖರಾಬು ಎಂದುಕೊಂಡದ್ದು ಅಪ್ಪನ ಮೂವತ್ತೊಂದು ಊರು. ಅವನು ತನ್ನ ಪಾಲನ್ನು ಎರಡು ಮಾಡಿಸಿದ್ದು ಅಷ್ಟು ತಿಂಗಳಲ್ಲಿ ನನಗೆ ಮರೆತೇ ಹೋಗಿತ್ತು.

ಸಂಜೆ ಅಪ್ಪ ಬಂದ. ಕಲ್ಲು ತೋರಿಸಿ ಬಂದ ಹುರುಪಿನಲ್ಲಿ, ಇನ್ನೂ ನಾಲ್ಕು ಹೆಸರು ಸಿಕ್ಕಿದವು ಎಂದು ಮೇಜಿನ ಕಡೆ ನಡೆದ. "ಲ್ಯಾಪ್‌ಟಾಪು ಕೆಟ್ಟಿದೆ, ರಿಪೇರಿ ಮಾಡಿಸ್ಬೇಕು" ಅಂದೆ. ಸುಳ್ಳು ಹೇಳುವಾಗ ನನ್ನ ದನಿ ಮೇಲೇರುತ್ತದೆ, ಅಮ್ಮ ಇದ್ದಿದ್ದರೆ ಹಿಡಿಯುತ್ತಿದ್ದಳು. ಅಪ್ಪ, "ಇರಲಿ ಬಿಡವ್ವ, ನಿಧಾನಕ್ಕೆ ಆಗ್ಲಿ" ಎಂದು ತಣ್ಣಗೆ ಕೂತ. ಎರಡು ದಿನ ಹಾಗೇ ಕೂತ. ಮೂರನೆಯ ದಿನ ಬೆಳಿಗ್ಗೆ ಬಟ್ಟೆ ಮಡಿಸಿ ಚೀಲಕ್ಕೆ ಹಾಕುತ್ತಾ, "ಬನ್ನೂರಿಗೆ ಹೋಗಿ ಬರೋಣ ಅಂತ" ಅಂದ.

ನನಗೆ ತಡೆಯಲಾಗಲಿಲ್ಲ. "ಕೆಟ್ಟಿಲ್ಲಪ್ಪ. ನಾನೇ ಕೆಡಿಸಿದೆ. ನಿನ್ನ ಹೊಲ ಅಳಿಸಿಬಿಟ್ಟೆ. ಖರಾಬು ಅಂದ್ಕೊಂಡು ನನ್ನ ಪಾಲಿಗೆ ಸೇರಿಸ್ಕೊಂಡೆ" ಅಂದುಬಿಟ್ಟೆ.

ಅಪ್ಪ ಮಡಿಸುತ್ತಿದ್ದ ಅಂಗಿಯನ್ನು ಕೆಳಗೆ ಹಾಕಿದ. ಆಮೇಲೆ ಶುರುವಾಯಿತು.

"ಏನಂದೆ? ಖರಾಬಾ? ಥೂ, ನಿನ್ ಕಣ್ಣೆಲ್ ಮಡಗಿದ್ದೆ! ಸರ್ವೇರ್ ಮಗಳಾಗಿ ಖರಾಬ್ ಯಾವ್ದು ಪಟ್ಟಾ ಯಾವ್ದು ತಿಳೀನಿಲ್ವಾ ನಿಂಗೆ? ಯಾರ್ನ ಕೇಳಿ ಬದ ಒಡ್ದೆ? ನಾನು ಊರಲ್ಲಿಲ್ಲ ಅಂತ ನುಗ್ಗುದ್ಯಾ? ಇಂಗೆ ನುಗ್ಗೋರ್ನ ನಾನು ಜೀವ್ಮಾನೆಲ್ಲ ಓಡ್ಸಿವ್ನಿ, ಈಗ ನನ್ ಒಟ್ಟೇಲೇ ಉಟ್ಟವ್ಳೆ!"

ನಮ್ಮ ಮನೆಯಲ್ಲಿ ಇಷ್ಟು ದಿನ ಅಪ್ಪನ ಮಾತಿನಲ್ಲಿ ಊರ ಕನ್ನಡ ಆಗೊಮ್ಮೆ ಈಗೊಮ್ಮೆ ಇಣುಕುತ್ತಿತ್ತು, ಉಳಿದದ್ದು ಕಚೇರಿಯ ಕನ್ನಡ. ಇದು ಪೂರಾ ಹೆಮ್ಮಿಗೆಯ ಕನ್ನಡ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿದಳು. ಗೋಡೆಯ ಮೇಲಿನ ಪಟದ ಬುದ್ಧ ಕಣ್ಣು ಮುಚ್ಚಿಕೊಂಡೇ ಇದ್ದ. ಅಪ್ಪ ನಿಲ್ಲಿಸಲಿಲ್ಲ. ಎರಡು ದಿನ ಸುಳ್ಳು ಹೇಳಿದ್ದಕ್ಕೆ ಬೇರೆ ಕಂತು ಬಂತು. ನನಗೆ ಅಳು ಬಂತು. ಬೈಸಿಕೊಂಡ ಅವಮಾನಕ್ಕಲ್ಲ. ಮದುವೆಯಾದ ಮೇಲೆ ಕೇಳದೇ ಹೋಗಿದ್ದ ದನಿ ಅದು. ಒಳಗೊಳಗೇ ಹಬ್ಬದಂಥ ಸಂತೋಷ, ಹೊರಗೆ ಕಣ್ಣೀರು. ಅಳುತ್ತಲೇ ನಾನೂ ಕೂಗಿದೆ: "ಹೆಸರು ಬರ್ದಿಡೋಕೆ ಏನಾಗಿತ್ತು ನಿನ್ನ ಹೊಲಕ್ಕೆ? ಊರೋರ ಹೊಲಕ್ಕೆಲ್ಲ ಹೆಸರು ಬರೀತೀಯ!"

ಅಪ್ಪ ಬೈಗುಳ ಬಿಟ್ಟು ಮೇಜಿನ ಕಡೆ ತಿರುಗಿದ. ನಾನು ಹೇಳಿದ್ದರಲ್ಲಿ ನ್ಯಾಯವಿದೆ ಎಂದು ಅವನಿಗೆ ಅನ್ನಿಸಿರಬೇಕು. "ಉತ್ತಿದ್ಯಾ, ಬರೀ ಕಲ್ಲು ಕಿತ್ತಿದ್ಯಾ? ಅದ್ನೇಳು ಮೊದ್ಲು" ಅಂದ.

ಆವತ್ತು ಏನೇನು ಒತ್ತಿದ್ದೆ ಎಂದು ಯೋಚಿಸಿದೆ. ಅಳಿಸುವ ಮೊದಲೇ ಕರೆಂಟು ಹೋಗಿತ್ತಲ್ಲ. ಗಡಿಯನ್ನಷ್ಟೇ ಬದಲಿಸಿದ್ದೆ, ಒಳಗಿನ ಮಣ್ಣು ಮುಟ್ಟಿರಲಿಲ್ಲ. "ಕಲ್ಲು ಮಾತ್ರ ಕಿತ್ತಿದ್ದೀನಿ" ಅಂದೆ.

"ಕಲ್ಲು ಕಿತ್ರೆ ಒಲ ಎಲ್ಲೋಯ್ತದೆ? ಇದ್ದಲ್ಲೇ ನೆಟ್ರಾಯ್ತು" ಎಂದು ಕನ್ನಡಕದ ಡಬ್ಬಿಯಿಂದ ಗ್ರಾಫ್ ಹಾಳೆ ತೆಗೆದ. ನಾನು ಸೀಡಿ ಹಾಕಿದೆ. ಅಪ್ಪ ಪಕ್ಕದಲ್ಲಿ ನಿಂತು ಒಂದೊಂದೇ ಅಂಕಿ ಓದಿದ, ನಾನು ಒಂದೊಂದೇ ಒತ್ತಿದೆ. "ಒಂದೂ ಆಚೀಚೆ ಆಗ್ಬಾರ್ದು. ಮತ್ತೆ ಓದ್ತೀನಿ, ನೋಡ್ಕೊ." ಎರಡನೆಯ ಸಲ ಓದಿದ. ನಾಲ್ಕು ತುಂಡುಗಳು ಪಟ್ಟಿಯಲ್ಲಿ ಸಾಲಾಗಿ ನಿಂತವು. "ಬರೆಯಲೇ?" ಎಂದು ಕೇಳಿತು. ನಾನು ಅಪ್ಪನ ಮುಖ ನೋಡಿದೆ. "ಬರಿ" ಅಂದ. ಸೀಡಿ ತೆಗೆದು ಗುಂಡಿ ಒತ್ತಿದೆ. ಎರಡು ಹೆಸರು ಬಂದವು. ವಿಂಡೋಸ್ ಆರಿಸಿದೆ. ಆ ದರಿದ್ರ ಮಷಿನ್ನು ಆವತ್ತು ತೆಗೆದುಕೊಂಡಷ್ಟು ಹೊತ್ತು ಬೇರೆ ಯಾವತ್ತೂ ತೆಗೆದುಕೊಂಡಿರಲಿಲ್ಲ. ಅಂತೂ ಎದ್ದಿತು. ಅಪ್ಪನ ಹೊಲ ತೆರೆದರೆ ಹೆಮ್ಮಿಗೆ, ಸೋಸಲೆ, ಬನ್ನೂರು, ಮೂವತ್ತೊಂದೂ ಇದ್ದವು. ಅಪ್ಪ ಒಂದೊಂದನ್ನೂ ತೆರೆಸಿ ನೋಡಿದ. ನನ್ನ ಮಾತಿನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

ಎಲ್ಲ ಸಿಕ್ಕಿತಲ್ಲ, ಇನ್ನು ಮತ್ತೆ ಆ ಸಭ್ಯಸ್ಥರು ವಾಪಸು ಬರುತ್ತಾರೆ ಅಂದುಕೊಂಡು ಅಡುಗೆಮನೆ ಕಡೆ ಹೊರಟೆ. ಹಿಂದಿನಿಂದ ದನಿ ಬಂತು: "ಎಲ್ಲೋಯ್ತಿದ್ದೀ? ಇನ್ಮೇಲೆ ಈ ಮನೇಲಿ ನನ್ ಕೇಳ್ದೆ ಏನಾರ ಮುಟ್ಟಿದ್ರೆ ನೋಡು. ಆ ನಲ್ಲಿ ತೊಟ್ಟಿಕ್ಕಾಕೆ ಸುರುವಾಗಿ ಆರು ತಿಂಗಳಾಯ್ತು, ಯಾರಿಗಾದ್ರೂ ಗ್ಯಾನ ಅದಾ? ಸಾರಿಗೆ ಯಾವ ಉಣಿಸೆ ಆಕ್ತೀಯೆ ನೀನು, ನಿಮ್ಮವ್ವ ಇಂಗೆ ಕಲ್ಸಿದ್ಲಾ?" ಎಷ್ಟು ತಿಂಗಳಿಂದ ನುಂಗಿಕೊಂಡಿದ್ದನೋ, ಒಂದೊಂದಾಗಿ ಹೊರಬಂದವು. ಬಟ್ಟೆಯ ಚೀಲದ ನೆನಪು ಅವನಿಗಿರಲಿಲ್ಲ. ನಾನು ಬಾಗಿಲ ಚೌಕಟ್ಟಿಗೆ ಒರಗಿ ಕೇಳುತ್ತಾ ನಿಂತೆ.

ಅಷ್ಟರಲ್ಲಿ ಬೆಳಗಿನ ಶಿಫ್ಟು ಮುಗಿಸಿ ನನ್ನ ಗಂಡ ಒಳಗೆ ಕಾಲಿಟ್ಟರು. ಅಪ್ಪ ಅತ್ತ ತಿರುಗಿ, "ಏನಯ್ಯ, ಚಪ್ಲೀನ ದಾರಿ ಮಧ್ಯ ಬುಡ್ತಾರಾ? ಬಂದೋರು ಎಡವಿ ಬೀಳ್ಲಿ ಅಂತಾನಾ?" ಅಂದ. "ತಾವು" ಬಿಟ್ಟು ಬೇರೆ ಮಾತು ಕೇಳಿರದ ಆ ಪ್ರಾಣಿ ಗಾಬರಿಯಾಗಿ ಚಪ್ಪಲಿ ಎತ್ತಿ ಗೋಡೆ ಬದಿಗಿಟ್ಟು, ನನ್ನ ಹತ್ತಿರ ಬಂದು ಪಿಸುದನಿಯಲ್ಲಿ ಕೇಳಿದರು, "ಏನಾಯ್ತೇ?"

"ಏನಿಲ್ಲ" ಅಂದೆ, "ಅಪ್ಪ ಮನೆಗೆ ಬಂದ."